ಅಣ್ಣನ ಕಾರು ನೋಡಿದ ಉಸ್ತಾದರು

ಕಾರಿನ ಬಣ್ಣ ಹಸಿರೋ ನೀಲಿಯೋ, ಈಗ ಖಚಿತವಿಲ್ಲ. ಎಪ್ಪತ್ತರ ದಶಕದ ಕುರ್ಲಾದಲ್ಲಿ ಅಣ್ಣನಿಗೆ ಮೋಟಾರ್ ಕೆಲಸ ಕಲಿಸಿದವರು ಕಲಬುರ್ಗಿ ಕಡೆಯ ಉಸ್ತಾದರು. ಯಾರ ಕೆಲಸ ನೋಡಿದರೂ "ಇನ್ನೊಮ್ಮೆ ಬಿಚ್ಚಪಾ" ಅನ್ನುತ್ತಿದ್ದರು. ಶಿಷ್ಯರು ರಿಪೇರಿ ಮಾಡಿದ ಗಾಡಿಯನ್ನು ಎಂದೂ ಹತ್ತಿದವರಲ್ಲ.

ಹಳೆಯ ವಿಲಾಯತಿ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿ, ಅಣ್ಣ ಉಸ್ತಾದರ ಚಾಳಿನ ಮುಂದೆ ತಂದು ನಿಲ್ಲಿಸಿದ. ಅವರು ಬಾನೆಟ್ ಮೇಲೆ ಅಂಗೈಯಿಟ್ಟು, ಕಣ್ಣುಮುಚ್ಚಿ ಸದ್ದು ಕೇಳಿದರು.

"ಇದು ನಾ ಕಲಿಸಿದ್ದಲ್ಲಲೇ. ಯಾರ್ ಕಲಿಸ್ಯಾರ?"

"ಎಲ್ಲಾ ನಾನೇ ಮಾಡಿದ್ದು, ಉಸ್ತಾದ್."

ಅವರು ತಲೆಯೆತ್ತಿ ಮಹಡಿಯತ್ತ ಕೂಗಿದರು: "ಬೇಗಂ, ಬುರ್ಖಾ ಹಾಕ್ಕೊಂಡು ಬಾ! ನಮ್ಮ ಹುಡುಗನ ಗಾಡ್ಯಾಗ ಪರೇಲ್‌ಗೆ ಹೋಗೂಣು."

ಹಿಂದಿನ ಬಾಗಿಲು ತೆರೆದು ನಿಂತ ಅಣ್ಣ ಕಣ್ಣೊರೆಸಿಕೊಂಡನೆಂದು ನನ್ನ ನೆನಪು. "ನಿಜಾನಾ, ಅಣ್ಣಾ?" ಎಂದು ಮೊನ್ನೆ ಕೇಳಿದೆ. ಅವನು ಕನ್ನಡಕ ತೆಗೆದು ಒರೆಸತೊಡಗಿದ.