ಕಂಚಿನ ತೊಡೆಯ ಮೇಲಿನ ಕಲ್ಲು

ಗೇನಿಯಾ ತನ್ನ ನೆರಳನ್ನೂ ನಂಬದ ಹೆಂಗಸು. ಸಂತೆಯಲ್ಲಿ ಬೆಣ್ಣೆ ಕೊಂಡರೆ ಒಳಗೆ ಆಲೂಗಡ್ಡೆ ತುರುಕಿದ್ದಾರೇನೋ ಎಂದು ಕಡ್ಡಿ ಚುಚ್ಚಿ ನೋಡುವಳು. ಪಾದ್ರಿ ಪ್ರವಚನ ಬೇಗ ಮುಗಿಸಿದರೆ ಇವತ್ತು ಯಾರ ಮನೆಯಲ್ಲಿ ಬಾತುಕೋಳಿ ಬೇಯುತ್ತಿದೆ ಎಂದು ಯೋಚಿಸುವಳು. ವಿಸ್ತುಲಾ ನದಿಯ ದಂಡೆಯ ಆ ಪುಟ್ಟ ಊರಿನ ಚೌಕದಲ್ಲಿ, ಗೋರಿಗಳಿಗೆ ಇಡುವ ಹೂವು, ದೀಪ ಮಾರುತ್ತ ಆಕೆ ಮುದುಕಿಯಾದಳು. ಪೂರ್ತಿ ನಂಬಿದ್ದು ಒಬ್ಬನನ್ನೇ. ಅಂಗಡಿಯೆದುರಿನ ಬೆಂಚಿನ ಮೇಲೆ, ಟೋಪಿ ಪಕ್ಕದಲ್ಲಿಟ್ಟು ಕೂತಿರುವ ಕಂಚಿನ ಗಬ್ರಿಯೆಲ್ ಜರೆಂಬನನ್ನು.

ಯುದ್ಧದ ಕಾಲದಲ್ಲಿ ಈ ಗಬ್ರಿಯೆಲ್ ಜರ್ಮನ್ನರ ಕಣ್ಣಿಗೆ ಮಣ್ಣೆರಚಿ, ಯೆಹೂದಿಗಳನ್ನು ಕೂಡಿಹಾಕಿದ್ದ ಕೇರಿಯೊಳಗೆ ನುಸುಳಿದ್ದ. ಅಲ್ಲಿ ಕಂಡದ್ದನ್ನು ಗಡಿಯಾಚೆ ಹೋಗಿ ಹೇಳಿದ. ಯಾರೂ ನಂಬಲಿಲ್ಲ. ಅದಕ್ಕೇ ಗೇನಿಯಾಳಿಗೆ ಅವನ ಮೇಲೆ ಅಷ್ಟು ಮಮತೆ. ಪಾರಿವಾಳದ ಹಿಕ್ಕೆ ಒರೆಸುವಳು, ಚಳಿಗೆ ಮಫ್ಲರ್ ಸುತ್ತುವಳು.

ಅಂಥವನ ತೊಡೆಯ ಮೇಲೆ ಯಾರೋ ಕಲ್ಲು ಹಾಕತೊಡಗಿದರು. ಶುಕ್ರವಾರ ಬಂತೆಂದರೆ ನದಿಯ ನುಣುಪುಗಲ್ಲೊಂದು ಅಲ್ಲಿರುತ್ತಿತ್ತು. ಸತ್ತ ಮೇಲೂ ಇವನಿಗೆ ಕಲ್ಲು ಹೊಡೆಯುತ್ತಾರಲ್ಲ ಎಂದು ಆಕೆಯ ಮೈ ಉರಿಯಿತು. ಎತ್ತಿ ಚರಂಡಿಗೆಸೆದಳು. ಪ್ರತಿ ವಾರವೂ ಎಸೆದಳು.

ಮೊದಲ ಗುಮಾನಿ ಔಷಧದಂಗಡಿಯವನ ಮೇಲೆ. ಪ್ರತಿಮೆ ಇಡುವಾಗ ಊರಿಗೆ ಬೇರೆ ಕೆಲಸವಿಲ್ಲವೇ ಎಂದವನು ಅವನೇ. ಆಮೇಲೆ ಗಂಟೆ ಬಾರಿಸುವವನ ಮೇಲೆ. ಪಕ್ಕದ ಮನೆಯ ಲೆಯೋನನ ಹತ್ತಿರವೂ ಬಾಯಿ ಬಿಡಲಿಲ್ಲ. ಸಂಜೆ ಜೊತೆಗೆ ಕೂತು ಚಹಾ ಕುಡಿಯುವ ಗೆಳೆಯನೇನೋ ಹೌದು, ಆದರೆ ಕ್ಷೌರಿಕನಾಗಿದ್ದವನ ಕಿವಿಗೆ ಬಿದ್ದದ್ದು ಊರಿಗೆಲ್ಲ ಬೀಳುತ್ತದೆಂದು ಆಕೆಯ ಲೆಕ್ಕಾಚಾರ. ಮೇಲಾಗಿ ಅವನು ಇತ್ತೀಚೆಗೆ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದ. ಕಳ್ಳಭಟ್ಟಿ ಇಳಿಸುತ್ತಿರಬೇಕು ಎಂದುಕೊಂಡಳು.

ಒಂದು ಶುಕ್ರವಾರ ಬೆಳಗು ಹರಿಯುವ ಮುಂಚೆಯೇ ಅಂಗಡಿಯ ಮರೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಬಂದವನು ಲೆಯೋನ್. ಟೋಪಿಯನ್ನೂ ತೆಗೆಯದೆ ಜೇಬಿನಿಂದ ಕಲ್ಲು ತೆಗೆದಿಟ್ಟ. ಗೇನಿಯಾ ಓಡಿಬಂದು ಅವನ ಮಣಿಕಟ್ಟು ಹಿಡಿದಳು.

"ಇವನು ನಿಮಗೇನು ಅನ್ಯಾಯ ಮಾಡಿದ್ದ, ಲೆಯೋನ್ ಅವರೇ, ಕಲ್ಲು ಹಾಕೋಕೆ?"

ಲೆಯೋನ್ ಚೌಕವನ್ನೆಲ್ಲ ಒಮ್ಮೆ ನೋಡಿದ. "ಯೆಹೂದಿಗಳು ಸತ್ತವರಿಗೆ ಹೂವು ಇಡಲ್ಲ, ಗೇನಿಯಾ ಅವರೇ. ಕಲ್ಲಿಡ್ತೀವಿ."

ಆಕೆಯ ಹಿಡಿತ ಸಡಿಲಾಯಿತು. ಇಷ್ಟು ವರ್ಷ ಚರ್ಚಿನಲ್ಲಿ ಪಕ್ಕದಲ್ಲೇ ಮಂಡಿಯೂರಿದ್ದವನು ಇವನು. ಕೂಸಾಗಿದ್ದಾಗ ತಾಯಿ ಅವನನ್ನು ಕೇರಿಯ ಗೋಡೆಯಾಚೆ ಒಬ್ಬ ಕ್ರೈಸ್ತ ಹೆಂಗಸಿನ ಕೈಗೆ ದಾಟಿಸಿ, ತಾನು ಒಳಗೇ ಉಳಿದಿದ್ದಳಂತೆ.

"ಅಮ್ಮನಿಗೆ ಗೋರಿ ಇಲ್ಲ. ಅವಳಿದ್ದ ಜಾಗಕ್ಕೆ ಹೋಗಿ, ಕಣ್ಣಾರೆ ನೋಡಿ ಬಂದೋನು ಇವನು. ಇನ್ನೆಲ್ಲಿ ಇಡಲಿ?" ಆಮೇಲೆ ದನಿ ತಗ್ಗಿಸಿದ. "ಆದ್ರೆ ಊರಲ್ಲಿ ಯಾರಿಗೋ ಗೊತ್ತಾಗಿದೆ. ಇಟ್ಟ ಕಲ್ಲು ಉಳಿಯಲ್ಲ. ಅದಕ್ಕೇ ಆ ಚಿಲಕ. ಎಲ್ಲರ ಮೇಲೂ ಕಣ್ಣಿಟ್ಟೋರು ನೀವು, ಯಾರ ಮೇಲಾದ್ರೂ ಗುಮಾನಿ ಇದೆಯಾ?"

ಗೇನಿಯಾ ಚರಂಡಿಯ ಬಳಿ ಹೋಗಿ ಮಂಡಿಯೂರಿ, ಅಂಗಿಯ ತೋಳು ಮಡಚಿ ಕೆಸರಿಗೆ ಕೈ ಹಾಕಿದಳು. ಸಿಕ್ಕಿದ ಕಲ್ಲುಗಳನ್ನು ಲಂಗದ ಅಂಚಿನಲ್ಲಿ ಒರೆಸಿ, ಒಂದೊಂದಾಗಿ ಕಂಚಿನ ತೊಡೆಯ ಮೇಲಿಟ್ಟಳು. ತಿರುಗಿ ನೋಡಿದಾಗ ಲೆಯೋನ್ ಇರಲಿಲ್ಲ.

ಆ ಸಂಜೆ ಎರಡು ಲೋಟ ಚಹಾ ಬಸಿದು ಕಾದಳು. ಪಕ್ಕದ ಮನೆಯಲ್ಲಿ ಹೊಸ ಚಿಲಕ ಬಿದ್ದ ಸದ್ದು ಕೇಳಿಸಿತು.