ಕೆಂಪು ಕೋಳಿಗಳನ್ನು ತಂದ ಮಧ್ಯಾಹ್ನ

ಮೊನ್ನೆ ಶ್ರೀನಿವಾಸಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎಲ್ಲಿಂದಲೋ ಕೋಳಿಗೆ ಹಾಕುವ ನೆನೆದ ತೌಡಿನ ಹುಳಿ ವಾಸನೆ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಇನ್ನೊಂದು ಸಲ ಉಸಿರೆಳೆದುಕೊಂಡೆ. ನನ್ನ ದಡ್ಡತನ ತುತ್ತತುದಿ ಮುಟ್ಟಿದ್ದ ನಾಲ್ಕು ವರ್ಷದ ಹಿಂದಿನ ದಿನಗಳಿಗೆ ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗುತ್ತದೆ. ಬೇಸರವಿಲ್ಲದಿದ್ದರೆ ನೀವೂ ಬನ್ನಿ.

ನಾನು ಮುಳಬಾಗಿಲಿನಲ್ಲಿ ಗಣಿತದ ಮೇಷ್ಟ್ರು. ಊರಂಚಿನಲ್ಲಿ ಹಿತ್ತಲಿರುವ ಮನೆ ಸಿಕ್ಕಿದ ಖುಷಿಗೆ, ಫೋನಿನಲ್ಲಿ ನಾಲ್ಕಾರು ವಿಡಿಯೊ ನೋಡಿ ಕೋಳಿ ಸಾಕಲು ಹೊರಟೆ. ಒಂದೇ ಬಗೆಯ ಕೋಳಿ ಸಾಕುವವರು ಕಲ್ಪನೆಯಿಲ್ಲದವರೆಂದು ಅದು ಹೇಗೋ ಅನ್ನಿಸಿಬಿಟ್ಟಿತ್ತು. ನಾಲ್ಕು ನಾಟಿ, ಎರಡು ಗಿರಿರಾಜ, ಕರ್ರಗಿನ ಕಡಕ್‌ನಾಥ್ ಒಂದು, ಗಿನಿಕೋಳಿ ಎರಡು, ಎಲ್ಲವನ್ನೂ ಒಂದೇ ಗೂಡಿಗೆ ಬಿಟ್ಟೆ. ಅಕ್ಕತಂಗಿಯರ ಹಾಗೆ ಬಾಳುತ್ತವೆ ಎಂದು ಹೆಂಡತಿ ಸರಸ್ವತಿಗೆ ಹೇಳಿದೆ. ತನಗೂ ಮೂವರು ಅಕ್ಕಂದಿರಿದ್ದಾರೆ, ಅದಕ್ಕೇ ಭಯವಾಗುತ್ತಿದೆ ಎಂದಳು.

ಅವಳ ಭಯ ನಿಜವಾಯಿತು. ಗಿರಿರಾಜಗಳು ತಟ್ಟೆಯೊಳಗೇ ನಿಂತು ತಿಂದವು. ನಾಟಿಗಳು ಒಗೆಯುವ ಕಲ್ಲಿನ ಹಿಂದೆ ಅಡಗಿದವು. ಗಿನಿಕೋಳಿಗಳು ಇಡೀ ಬೀದಿಗೆ ಕೇಳುವಂತೆ ಚಾಡಿ ಹೇಳಿದವು. ನಾನು ಕೋಲು ಹಿಡಿದು, ಒಂಬತ್ತನೇ ತರಗತಿಯ ಮುಂದೆ ನಿಂತವನಂತೆ, ಅವನ್ನು ಸಾಲಾಗಿ ನಿಲ್ಲಿಸಲು ಹೆಣಗಿದೆ.

ಇದನ್ನೆಲ್ಲ ಗೋಡೆಯಾಚೆಯಿಂದ ನೋಡುತ್ತಿದ್ದವರು ಪಕ್ಕದ ಮನೆಯ ಜೈತೂನ್‌ಬಿ. ಗಂಡನ ಜೊತೆ ಹತ್ತಿ ಹಾಸಿಗೆ ಹೊಲಿಯುತ್ತಾರೆ. ಆಗ ಅವರ ಬಳಿ ಹದಿನೈದು ನಾಟಿ ಕೋಳಿಗಳಿದ್ದವು. ಬೀದಿಯ ಬಾಣಂತಿಯರಿಗೆಲ್ಲ ಮೊಟ್ಟೆ ಅಲ್ಲಿಂದಲೇ ಹೋಗುತ್ತಿತ್ತು. ಒಂದು ತಟ್ಟೆಯ ಬದಲು ಮೂರು ಮೂಲೆಗೆ ಮೂರು ಇಡಿ ಎಂದರು. ಇಟ್ಟೆ, ಜಗಳ ನಿಂತಿತು. ಹೊಸ ಕೋಳಿ ತಂದರೆ ಮೂರು ವಾರ ಬೇರೆ ಇಡಬೇಕೆಂದೂ ಹೇಳಿದರು. ಪಾಠ ಅರ್ಥವಾಗದ ಮಕ್ಕಳು ನನ್ನೆದುರು ತಲೆಯಾಡಿಸುತ್ತಾರಲ್ಲ, ಹಾಗೆ ತಲೆಯಾಡಿಸಿದೆ.

ಒಂದು ಮಧ್ಯಾಹ್ನ ಸಂತೆಯಿಂದ ಎರಡು ಕೆಂಪು ಹೇಂಟೆಗಳನ್ನು ತಂದೆ. ಬಿಸಿಲಿಗೆ ಅವುಗಳ ಗರಿ ತಾಮ್ರದಂತೆ ಹೊಳೆಯುತ್ತಿತ್ತು. ಅಂಥ ಚೆಲುವೆಯರನ್ನು ಮೂಲೆಯಲ್ಲಿ ಕಟ್ಟಿಹಾಕಲು ಮನಸ್ಸು ಬರಲಿಲ್ಲ. ಉಳಿದವುಗಳ ಜೊತೆ ಬಿಟ್ಟೆ.

ಮೂರನೆಯ ದಿನ ಒಂದು ಕೆಂಪು ಹೇಂಟೆ ತೂಕಡಿಸುತ್ತ ನಿಂತಿತು. ಹಸಿರು ಹಿಕ್ಕೆ ಹಾಕಿ ಕತ್ತು ತಿರುಚಿಕೊಂಡಿತು. ಮರುದಿನ ಸತ್ತಿತು. ಬಿಸಿಲಿನ ಝಳ ಎಂದು ನನಗೆ ನಾನೇ ಹೇಳಿಕೊಂಡೆ. ಗೋಡೆಯಾಚೆ ಹೇಳಲು ನಾಚಿಕೆಯಾಯಿತು. ಮಾತು ಕೇಳದ ವಿದ್ಯಾರ್ಥಿಯಾಗಿ ಅವರೆದುರು ನಿಲ್ಲಬೇಕಿತ್ತಲ್ಲ. ನನ್ನ ಮೂರು ತಟ್ಟೆಗಳ ಆಸೆಗೆ ಅವರ ಕೋಳಿಗಳೂ ದಿನಾ ಗೋಡೆ ಹಾರಿ ಬರುತ್ತಿದ್ದವು. ಹತ್ತು ದಿನದಲ್ಲಿ ನನ್ನ ಹಿತ್ತಲು ಖಾಲಿಯಾಯಿತು. ಅವರಲ್ಲಿ ಉಳಿದದ್ದು ನಾಲ್ಕು.

ಗಾಳಿಗೆ ಬಂದ ರೋಗವಿರಬೇಕು ಎಂದು ಬೀದಿಯವರು ಮಾತಾಡಿಕೊಂಡರು. ನಾನೂ ಹೂಂಗುಟ್ಟಿದೆ. ಸರಸ್ವತಿ ಮಾತ್ರ ನನ್ನ ಮುಖ ನೋಡಿ, "ನೀವೇ ಹೋಗಿ ಹೇಳಿ. ನಾನಂತೂ ಹೇಳಲ್ಲ" ಎಂದಳು.

ಹೋದೆ. ಜೈತೂನ್‌ಬಿ ಹಾಸಿಗೆಯ ಅಂಚು ಹೊಲಿಯುತ್ತಿದ್ದರು. ನಾನು ಸೂತ್ರದಿಂದ ಶುರುಮಾಡುವ ಅಭ್ಯಾಸದಂತೆ ರೋಗಾಣು, ಹವಾಮಾನ ಎಂದೆಲ್ಲ ಸುತ್ತಿ ಬಳಸಿ, ಕೊನೆಗೆ ಆ ಕೆಂಪು ಕೋಳಿಗಳ ಹತ್ತಿರ ಬಂದೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು.

"ತಪ್ಪು ಎಲ್ರೂ ಮಾಡ್ತಾರೆ ಮೇಷ್ಟ್ರೇ. ಮೊದಲನೇದು ಸತ್ತ ದಿನ ಒಂದ್ ಮಾತು ಹೇಳಿದ್ರೆ, ನನ್ನವನ್ನ ಬುಟ್ಟಿ ಕೆಳಗೆ ಮುಚ್ಚಿಡ್ತಿದ್ದೆ."

ಅವರು ಮತ್ತೆ ಹೊಲಿಯತೊಡಗಿದರು. ನಾನು ಎದ್ದು ಬಂದೆ.

ಪಶು ಆಸ್ಪತ್ರೆಯಲ್ಲಿ ವಿಚಾರಿಸಿದಾಗ ಅದು ಕೊಕ್ಕರೆ ರೋಗವೆಂದೂ, ಅದಕ್ಕೆ ಮೊದಲೇ ಹಾಕಿಸುವ ಲಸಿಕೆ ಇದೆಯೆಂದೂ ತಿಳಿಯಿತು. ಅದನ್ನೂ ಜೈತೂನ್‌ಬಿಯನ್ನು ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಗೂಡಿಗೆ ಸುಣ್ಣ ಬಳಿದು, ತಿಂಗಳುಗಟ್ಟಲೆ ಹಿತ್ತಲನ್ನು ಖಾಲಿ ಬಿಟ್ಟೆ. ಅವರ ಕೋಳಿ ಮರಿ ಮಾಡಿದಾಗ ಫ್ಲಾಸ್ಕಿನಲ್ಲಿ ಐಸು ತುಂಬಿ ಲಸಿಕೆ ತಂದೆ. ಅವರು ಒಂದೊಂದೇ ಮರಿಯನ್ನು ಹಿಡಿದು ಕೊಟ್ಟರು, ನಾನು ಕಣ್ಣಿಗೆ ಒಂದೊಂದೇ ಹನಿ ಬಿಟ್ಟೆ. ಮುಂದಿನ ಸಲವೂ ಕರೆಯದೆಯೇ ಹೋದೆ. ಆಮೇಲಾಮೇಲೆ ಅವರೇ ಹೇಳಿಕಳಿಸತೊಡಗಿದರು.

ಈಗ ನನ್ನ ಹಿತ್ತಲಲ್ಲಿ ಮತ್ತೆ ಬಗೆಬಗೆಯ ಕೋಳಿಗಳಿವೆ. ಹೊಸದಾಗಿ ಬಂದದ್ದು ಹಳೆಯ ಬಚ್ಚಲುಮನೆಯಲ್ಲಿ ಮೂರು ವಾರ ಇರಲೇಬೇಕು. ಬಾಮೈದ ಪ್ರೀತಿಯಿಂದ ಹುಂಜ ತಂದಾಗ ಗೇಟಿನಲ್ಲೇ ತಡೆದು ನಿಲ್ಲಿಸಿದ್ದೆ. ಅವನಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಮೊನ್ನೆ ನಾನು ಬಸ್ಸಿಳಿದು ಮನೆಗೆ ಬಂದಾಗ ಜೈತೂನ್‌ಬಿ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಚುಕ್ಕೆಚುಕ್ಕೆಯ ಹೇಂಟೆಯೊಂದಿತ್ತು. ರಾಯಲ್ಪಾಡಿನಲ್ಲಿರುವ ಮಗಳು ಕೊಟ್ಟು ಕಳಿಸಿದ್ದಂತೆ.

"ಮೂರು ವಾರ ನಿಮ್ಮತ್ರಾನೇ ಇರ್ಲಿ ಮೇಷ್ಟ್ರೇ. ನೀವು ನೋಡಿ ಸರಿ ಅಂದ್ಮೇಲೆ ನಮ್ಮವುಗಳ ಜೊತೆ ಬಿಡ್ತೀನಿ."

ಎರಡೂ ಕೈ ಚಾಚಿ ತೆಗೆದುಕೊಂಡೆ. ದೊಡ್ಡ ಡಾಕ್ಟರಂತೆ ಅದರ ಕಣ್ಣು, ಮೂಗು ಪರೀಕ್ಷಿಸುತ್ತಿದ್ದಾಗ ಅದು ನನ್ನ ಇಸ್ತ್ರಿ ಅಂಗಿಯ ಮೇಲೆ ಹಿಕ್ಕೆ ಹಾಕಿತು. ಕತ್ತು ಬಗ್ಗಿಸಿ ಅದನ್ನೂ ನೋಡಿದೆ. ಬಣ್ಣ ಚೆನ್ನಾಗಿಯೇ ಇತ್ತು.