ಮಾಯಿಲಪ್ಪಣ್ಣನ ವಾಲ್ವ್ ಆಂಪ್ಲಿಫೈಯರ್

ಜೆಪ್ಪುವಿನಲ್ಲಿ ನಮ್ಮ ಪಕ್ಕದ ಮನೆಯ ಮಾಯಿಲಪ್ಪಣ್ಣ ಮೂವತ್ತೊಂದು ವರ್ಷ ಬಂದರಿನಲ್ಲಿ ಮೀನಿನ ಬೋಟುಗಳ ಇಂಜಿನ್ ರಿಪೇರಿ ಮಾಡಿದವರು. ಈಗ ಕೆಲಸ ಬಿಟ್ಟಿದ್ದಾರೆ, ಆದರೆ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಹಸನಬ್ಬನ ಗುಜರಿ ಅಂಗಡಿಯಲ್ಲಿ ಹಳೇ ರೇಡಿಯೋದ ನಾಲ್ಕು ವಾಲ್ವ್ ಕಂಡದ್ದೇ ತಡ, ಆಂಪ್ಲಿಫೈಯರ್ ಕಟ್ಟುವ ಹುಚ್ಚು ಹಿಡಿಯಿತು. ಅವರಿಗೆ ಬೇಕಾದದ್ದು ಒಂದೇ: ಯಕ್ಷಗಾನದಲ್ಲಿ ಭಾಗವತರು ಬಡಿಯುವ ಕಂಚಿನ ತಾಳದ ಕಿಣಿಕಿಣಿ ಸದ್ದು. ಈಗಿನ ಮೊಬೈಲು, ಟಿವಿ ಎಲ್ಲ ತಾಳವನ್ನು ನುಂಗಿಹಾಕುತ್ತವೆ, ವಾಲ್ವಿನಲ್ಲಾದರೆ ಚಿಕ್ಕಂದಿನಲ್ಲಿ ರಂಗದ ಎದುರು ಕೂತು ಕೇಳಿದ ಹಾಗೆಯೇ ಬರುತ್ತದೆ ಎಂದು ಅವರ ನಂಬಿಕೆ. ವಾಲ್ವಿನ ಗಾಜಿನ ಬುರುಡೆಯೊಳಗೆ ತಂತಿ ಕೆಂಪಗೆ ಕಾದರೆ ಹಾಡು ಹೇಗೆ ದೊಡ್ಡದಾಗುತ್ತದೋ ನನಗೂ ತಿಳಿಯಬೇಕಿತ್ತು. ದಿನಾ ಸಂಜೆ ಅವರ ಜಗಲಿಯಲ್ಲಿ ಹಾಜರಾಗುತ್ತಿದ್ದೆ.

ಮೊದಲ ದಿನ ಯಕ್ಷಗಾನದ ಕ್ಯಾಸೆಟ್ ಹಾಕಿದರೆ ಸ್ಪೀಕರಿನಲ್ಲಿ ಹಾಡಿಗಿಂತ ಗುಂಯ್ ಸದ್ದೇ ಜಾಸ್ತಿ. ಮಾಯಿಲಪ್ಪಣ್ಣ ಇಂಜಿನ್ ನೋಡುವ ಕ್ರಮದಲ್ಲೇ ನೋಡಿದರು: ಸ್ಕ್ರೂಡ್ರೈವರಿನ ತುದಿಯನ್ನು ಟ್ರಾನ್ಸ್‌ಫಾರ್ಮರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟರು. ಅದುರುತ್ತಿದ್ದದ್ದು ಕರೆಂಟಿನ ಟ್ರಾನ್ಸ್‌ಫಾರ್ಮರ್. ಅದರ ಉಪದ್ರ ಪಕ್ಕದಲ್ಲಿದ್ದ, ಸ್ಪೀಕರಿಗೆ ಹಾಡು ದಾಟಿಸುವ ಟ್ರಾನ್ಸ್‌ಫಾರ್ಮರಿಗೆ. ಅದನ್ನು ಅಡ್ಡ ತಿರುಗಿಸಿ ಕೂರಿಸಿದ್ದೇ ಸದ್ದು ಅಡಗಿತು.

“ಗುಂಯ್ ಉಂಟಾ?” ಎಂದು ಕೇಳಿದರು.

“ಇಲ್ಲ ಮಾಯಿಲಪ್ಪಣ್ಣ.”

ಆದರೂ ಅವರಿಗೆ ಸಮಾಧಾನವಿಲ್ಲ. ಹಾಡು ದಾಟಿಸುವ ಟ್ರಾನ್ಸ್‌ಫಾರ್ಮರಿನ ತಾಮ್ರದ ತಂತಿ ಬಿಚ್ಚಿ, ಪದರ ಪದರವಾಗಿ ಮತ್ತೆ ಸುತ್ತಿದರು. ಒಂದಲ್ಲ, ಮೂರು ಸಲ. ಇನ್ನೂ ಚೆಂದ ಮಾಡುವ ಹಟ ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ. ಹಾಡು ಓಡುತ್ತಿರುವಾಗಲೇ ನಾಲ್ಕನೇ ಸಲ ಸ್ಪ್ಯಾನರ್ ಎತ್ತಿಕೊಂಡಾಗ ಅಡುಗೆಮನೆಯಿಂದ ಹೆಂಡತಿ ಹೇಮಾಕ್ಷಿ ಕೂಗಿದರು:

“ಅದನ್ನೊಮ್ಮೆ ಸಣ್ಣ ಮಾಡಿ ಮಾರಾಯ್ರೆ! ಆ ತಾಳ ಕೇಳಿ ಕೇಳಿ ತಲೆನೋವು ಬಂತು.”

ಮಾಯಿಲಪ್ಪಣ್ಣ ನನ್ನ ಮುಖ ನೋಡಿದರು. “ತಾಳ ನಿಮಗೂ ಕೇಳ್ತದಾ?”

“ಮೊದಲ ದಿನದಿಂದಲೂ ಕೇಳ್ತದೆ.”

“ಮತ್ತೆ ಎಂತ ಹೇಳ್ಲಿಲ್ಲ?”

“ನೀವು ಗುಂಯ್ ಉಂಟಾ ಅಂತ ಮಾತ್ರ ಕೇಳಿದ್ದು.”

ಅವರು ಸ್ಪ್ಯಾನರ್ ಕೆಳಗಿಟ್ಟರು. “ಹಾಗಾದ್ರೆ ಕೆಟ್ಟದ್ದು ನನ್ನ ಕಿವಿಯೇ. ಇಂಜಿನಿನ ಸದ್ದು ತಿಂದು ಹಾಕಿದೆ. ಮದ್ದಳೆ ಕೇಳ್ತದೆ, ತಾಳ ಮಾತ್ರ ಇಲ್ಲ,” ಎಂದರು. ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಆದರೆ ಪರೀಕ್ಷೆ ಮಾಡದೆ ಬಿಡುವ ಮನುಷ್ಯ ಅವರಲ್ಲ. ಹೇಮಾಕ್ಷಿಯನ್ನು ಕರೆದು ಸ್ಪೀಕರಿನ ಹತ್ತಿರ ಕೂರಿಸಿದರು. “ತಾಳ ಬಿದ್ದಾಗೆಲ್ಲ ಬೆರಳು ಎತ್ತು,” ಎಂದು ಹಾಡು ಮೊದಲಿನಿಂದ ಹಾಕಿದರು. ಹಿಟ್ಟು ಮೆತ್ತಿದ ಅವರ ಬೆರಳು ಏಳುತ್ತಾ ಇಳಿಯುತ್ತಾ ಇತ್ತು. ಮಾಯಿಲಪ್ಪಣ್ಣ ಬೆರಳನ್ನು ನೋಡುತ್ತಾ ನೋಡುತ್ತಾ ಕಣ್ಣು ಮುಚ್ಚಿದರು. ಮದ್ದಳೆಯ ಬಡಿತ ಹಿಡಿದು ತಾಳ ಎಣಿಸುತ್ತಾ ತಲೆದೂಗುತ್ತಿದ್ದವರು ನಡುವೆ ಒಮ್ಮೆ ಕಣ್ಣು ಬಿಟ್ಟು, ಏಳದ ಬೆರಳನ್ನು ನೋಡಿ, “ಈಗ ಒಂದು ತಾಳ ಬಿದ್ದಿತ್ತು,” ಎಂದರು.

“ಹೌದು,” ಎಂದರು ಹೇಮಾಕ್ಷಿ. “ನಾನು ಬೆರಳು ಎತ್ಲಿಕ್ಕೆ ಮರೆತೆ.”